ಹೊಟ್ಟಿನ ಬೂದಿ, ಎರೆಮಣ್ಣಿನ ಇಟ್ಟಂಗಿ



ಎರೆಮಣ್ಣಿನ ಇಟ್ಟಂಗಿಗೆ ಹೊಲದ ಉಳಿಕೆ ಬಳಸುವ ಕುರಿತ ಈ ವಿಚಾರ ಸಂಕಿರಣಕ್ಕೆ ಯಾದಗಿರಿ ಸೀಮೆಯ ಕೊಡೇಕಲ್ಲಿಗಿಂತ ತಕ್ಕ ಊರು ನನಗೆ ಕಾಣುವುದಿಲ್ಲ. 1982ರಲ್ಲಿ ಇಲ್ಲೇ ಹತ್ತಿರ ಬಸವಸಾಗರ ಜಲಾಶಯ ಮುಗಿಯಿತು. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಸುರಪುರ, ಶಹಾಪುರ ಸೀಮೆಯ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. 100 ಕಿಲೋ ಭತ್ತ ಗಿರಣಿಗೆ ಹೋದರೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಅದನ್ನು ಸುಟ್ಟರೆ ಉಳಿಯುವುದು 4 ಕಿಲೋದಷ್ಟು ಬೂದಿ. ಅದರಲ್ಲಿ ನೂರಕ್ಕೆ 85-90 ಪಾಲು ಸಿಲಿಕಾ.

ನಮ್ಮ ಎರೆಮಣ್ಣಿನ ಸ್ವಭಾವ ನಿಮಗೆಲ್ಲ ಗೊತ್ತು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಚ್ಚಿನಿಂದ ತೆಗೆದು ಬಿಸಿಲಿಗಿಟ್ಟ ಹಸಿ ಇಟ್ಟಂಗಿಯ ಅಂಚು ಮೊದಲು ಒಣಗಿ ಕುಗ್ಗುತ್ತದೆ. ನಡುಭಾಗ ಇನ್ನೂ ಒದ್ದೆ. ಈ ಎಳೆದಾಟದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು, ಬಟ್ಟಿಯ ಉರಿಗೆ ಅದೇ ಬಾಯ್ದೆರೆಯುತ್ತದೆ. ಬೂದಿ ಬೆರೆತರೆ ಮಣ್ಣಿನ ಜಿಗುಟು ತಗ್ಗಿ, ಕುಗ್ಗುವುದೂ ಕಡಿಮೆಯಾಗುತ್ತದೆ.

ಆದರೆ ಹೊಟ್ಟನ್ನೂ ಬೂದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹೊಟ್ಟು ಇಟ್ಟಂಗಿಯ ಒಳಗೇ ಉರಿದು ಉರುವಲು ಉಳಿಸುತ್ತದೆ. ಉರಿದ ಜಾಗದಲ್ಲಿ ಸಣ್ಣ ಸಣ್ಣ ತೂತು ಬಿಡುತ್ತದೆ. ಇಟ್ಟಂಗಿ ಹಗುರಾಗಿ ಸೆಕೆ ತಡೆಯುತ್ತದೆ. ಯಾದಗಿರಿಯ ಮೇ ತಿಂಗಳು ಕಂಡವರಿಗೆ ಅದು ಸಣ್ಣ ಲಾಭವಲ್ಲ. ಬಲ ಮಾತ್ರ ಇಳಿಯುತ್ತದೆ. ಗಟ್ಟಿತನ ಬೇಕಿದ್ದರೆ ಬೂದಿಯನ್ನೇ ನಂಬಬೇಕು, ಅದೂ ಹದ ಮೀರದಂತೆ. ಸುಡದ ಇಟ್ಟಂಗಿಯಲ್ಲಿ ಅದು ಸುಣ್ಣದೊಂದಿಗೆ ಕೂಡಿ ಸಿಮೆಂಟಿನಂತೆ ಮಣ್ಣನ್ನು ಹಿಡಿದಿಡುತ್ತದೆ. ಆದರೆ 700 ಡಿಗ್ರಿ ಸೆಲ್ಸಿಯಸ್ ದಾಟಿ ಬಹಳ ಹೊತ್ತು ಸುಟ್ಟ ಬೂದಿಯಲ್ಲಿ ಸಿಲಿಕಾ ಹರಳುಗಟ್ಟಿ ಆ ಗುಣ ಕುಂದುತ್ತದೆ. ಹಾಗಾಗಿ ಒಂದು ಗಿರಣಿಯ ಬೂದಿಯಂತೆ ಇನ್ನೊಂದರದು ಇರುವುದಿಲ್ಲ.

ಇಟ್ಟಂಗಿಗೆ ಒದಗುವ ಹೊಲದ ಉಳಿಕೆ ಭತ್ತದ ಹೊಟ್ಟೊಂದೇ ಅಲ್ಲ, ಹತ್ತಿ ಕಟ್ಟಿಗೆಯೂ ಇದೆ. ಅದನ್ನು ಹೊಲದಿಂದ ಬೇಗ ತೆಗೆದರೆ ಗುಲಾಬಿ ಕಾಯಿಕೊರಕದ ಕಾಟ ತಗ್ಗುತ್ತದೆ. ಬಟ್ಟಿಗೆ ಉರುವಲೂ ಆಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಹಳ್ಳಿಯ ಮಣ್ಣನ್ನೇ ಪ್ರಯೋಗಾಲಯಕ್ಕೆ ಒಯ್ದು, ಒತ್ತು ಯಂತ್ರದ ಮಣ್ಣಿನ ಇಟ್ಟಂಗಿಗೆ ಮರ್ಯಾದೆ ತಂದುಕೊಟ್ಟಿತು. ಎರೆಸೀಮೆಗೂ ಅಂಥ ಪಟ್ಟುಹಿಡಿದ ದುಡಿಮೆ ಬೇಕು.

ಭಾರತೀಯ ಮಾನಕ 1077 ಹೇಳುವಂತೆ ಅತಿ ಕೆಳದರ್ಜೆಯ ಸುಟ್ಟ ಇಟ್ಟಂಗಿಯೂ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಭಾರ ತಾಳಬೇಕು; 24 ಗಂಟೆ ನೆನೆಸಿದರೂ ತನ್ನ ತೂಕದ ನೂರಕ್ಕೆ 20ಕ್ಕಿಂತ ಹೆಚ್ಚು ನೀರು ಹೀರಬಾರದು. ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ ಇಷ್ಟು: ಮಣ್ಣು ಯಾವ ಊರಿನದು, ಬೂದಿ ಯಾವ ಉರಿಯದು, ಒಡೆದ ಇಟ್ಟಂಗಿ ಎಷ್ಟು ಎಂಬುದನ್ನೂ ಹೇಳಿ. ಎಷ್ಟು ಬುಟ್ಟಿ ಮಣ್ಣಿಗೆ ಎಷ್ಟು ಬುಟ್ಟಿ ಬೂದಿ ಎಂದು ಬರೆದ ಒಂದು ಪುಟವನ್ನು, ಸಂಕಿರಣ ಮುಗಿಯುವುದರೊಳಗೆ, ಇಲ್ಲಿ ಕೂತಿರುವ ಬಟ್ಟಿಯವರ ಕೈಗೆ ಕೊಡಿ.