ಹೊಲದ ಹಂಚಿಕೆ, ವಸೀಯತ್ ಮತ್ತು ಮಗಳ ಪಾಲು



ನನಗೆ ಕೊಟ್ಟಿರುವ ವಿಷಯ ಆಸ್ತಿ ಮತ್ತು ವಸೀಯತ್. ನಾನು ವಕೀಲನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದ್ದರಿಂದ ನಿಮಗೆ ಪಾಠದಲ್ಲಿ ಪರಿಚಯವಿರುವ ಒಬ್ಬ ಕವಿಯಿಂದಲೇ ಆರಂಭಿಸುತ್ತೇನೆ.

ಶೇಕ್ಸ್‌ಪಿಯರ್ ನಾಟಕ ಬರೆದವನೆಂದು ಎಲ್ಲರಿಗೂ ಗೊತ್ತು. ನಾಟಕದಿಂದ ಬಂದ ಹಣವನ್ನು ತನ್ನ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಮನೆ, ಹೊಲಗಳಿಗೆ ಹಾಕಿದ ಜಮೀನುದಾರನೂ ಆತನೇ. 1602ರಲ್ಲಿ ಒಂದೇ ಸಲಕ್ಕೆ 107 ಎಕರೆ ಕೊಂಡಿದ್ದ. 1616ರ ಮಾರ್ಚ್‌ನಲ್ಲಿ ಉಯಿಲಿಗೆ ಸಹಿ ಮಾಡಿ ಏಪ್ರಿಲ್‌ನಲ್ಲಿ ತೀರಿಕೊಂಡ. ಒಬ್ಬನೇ ಮಗ 1596ರಲ್ಲೇ ಹೋಗಿದ್ದ. ಉಳಿದವರು ಹೆಂಡತಿ ಆನ್, ಹೆಣ್ಣುಮಕ್ಕಳಾದ ಸುಸಾನಾ ಮತ್ತು ಜುಡಿತ್. ಮನೆ, ಭೂಮಿ ಬಹುತೇಕ ಎಲ್ಲವೂ ಹಿರಿಯ ಮಗಳಿಗೆ ಹೋಯಿತು. ಅವಳ ನಂತರ ಅವಳಿಗೆ ಹುಟ್ಟುವ ಮೊದಲ ಮಗನಿಗೆ, ಅವನಿಲ್ಲದಿದ್ದರೆ ಎರಡನೆಯವನಿಗೆ, ಹೀಗೆ ಏಳನೆಯ ಮಗನವರೆಗೆ ಬರೆಸಿದ್ದಾನೆ! ಸುಸಾನಾಳಿಗಿದ್ದದ್ದು ಒಬ್ಬಳೇ ಮಗಳು. ಆಮೇಲೂ ಗಂಡು ಹುಟ್ಟಲಿಲ್ಲ. ಕಿರಿಯಳಾದ ಜುಡಿತ್‌ಗೆ ನಗದು ಮತ್ತು ಒಂದು ಬೆಳ್ಳಿ ಬಟ್ಟಲು. ಹೆಂಡತಿಯ ಹೆಸರಿನಲ್ಲಿ ಬರೆದದ್ದು ಮನೆಯ ಎರಡನೆಯ ದರ್ಜೆಯ ಮಂಚ. ವಿಧವೆಗೆ ಗಂಡನ ಭೂಮಿಯ ಮೂರನೆಯ ಒಂದು ಭಾಗದ ಆದಾಯ ಬದುಕಿರುವತನಕ ಸಲ್ಲಬೇಕೆಂಬ ಪದ್ಧತಿ ಅಲ್ಲಿದ್ದುದರಿಂದ ಅದನ್ನು ಬೇರೆ ಬರೆಯಬೇಕಿರಲಿಲ್ಲ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಇರಬಹುದು. ಆದರೂ ಮಂಚ ಮಂಚವೇ.

ಇದನ್ನು ಒಬ್ಬನ ಕಠಿಣ ಮನಸ್ಸೆಂದು ತಿಳಿಯಬೇಡಿ. ಇಂಗ್ಲೆಂಡಿನಲ್ಲಿ ಉಯಿಲಿಲ್ಲದೆ ಸತ್ತವನ ಭೂಮಿ ಸಾಮಾನ್ಯವಾಗಿ ಪೂರ್ತಿಯಾಗಿ ಹಿರಿಯ ಮಗನಿಗೇ ಸೇರುತ್ತಿತ್ತು. 1540ರಲ್ಲಿ ಎಂಟನೆಯ ಹೆನ್ರಿಯ ಕಾಯ್ದೆ ಉಯಿಲು ಬರೆಯಲು ಅವಕಾಶ ಕೊಟ್ಟಿತು. ಅರಸನಿಗೆ ಸೈನಿಕ ಸೇವೆಯ ಹೊಣೆಯಿದ್ದ ಭೂಮಿಯಾದರೆ ಮೂರರಲ್ಲಿ ಎರಡು ಪಾಲು, ಉಳಿದ ಸಾಮಾನ್ಯ ಭೂಮಿಯಾದರೆ ಇಡಿಯಾಗಿ, ತಂದೆ ತನಗೆ ಬೇಕಾದವರಿಗೆ ಬರೆಯಬಹುದಿತ್ತು. 1660ರ ನಂತರ ಆ ಮಿತಿಯೂ ಹೋಯಿತು. ಮದುವೆಯಾದ ಹೆಣ್ಣು ತನ್ನ ಆಸ್ತಿಯನ್ನು ತಾನೇ ಸ್ವತಂತ್ರವಾಗಿ ಹೊಂದಲು ಅಲ್ಲಿ 1882ರ ಕಾಯ್ದೆ ಬರಬೇಕಾಯಿತು.

ಈಗ ನಮ್ಮ ಕಡೆಗೆ ಬನ್ನಿ. ಇಲ್ಲಿ ಲೆಕ್ಕ ತಿರುವುಮುರುವು. ವಸೀಯತ್ ಮೂಲಕ ಬರೆಯಬಹುದಾದದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಎರಡು ಪಾಲು ವಾರಸುದಾರರದ್ದು. ಹಜರತ್ ಸಅದ್ ಬಿನ್ ಅಬೀ ವಕ್ಕಾಸ್ ಅವರು ಕಾಯಿಲೆಯಲ್ಲಿದ್ದಾಗ ಹೆಚ್ಚಿನ ಆಸ್ತಿಯನ್ನು ದಾನ ಬರೆಯಲು ಹೊರಟಿದ್ದನ್ನು ಪ್ರವಾದಿಯವರು (ಸ) ತಡೆದು ಮೂರನೆಯ ಒಂದಕ್ಕೆ ನಿಲ್ಲಿಸಿದ ಪ್ರಸಂಗ ನಿಮಗೆ ತಿಳಿದಿದೆ. ಆಗ ಅವರಿಗೆ ವಾರಸುದಾರಳೆಂದು ಇದ್ದವಳು ಒಬ್ಬ ಮಗಳು ಎಂಬುದನ್ನು ಮಾತ್ರ ನಾವು ಬಯಾನಿನಲ್ಲಿ ಹೇಳದೆ ಬಿಟ್ಟುಬಿಡುತ್ತೇವೆ. ಇನ್ನೊಂದು ಮಾತು. ನಮ್ಮ ಹನಫೀ ಪದ್ಧತಿಯಲ್ಲಿ, ಈಗಾಗಲೇ ಪಾಲಿರುವ ಮಗನಿಗೇ ಮತ್ತೆ ವಸೀಯತ್ ಬರೆದರೆ, ತಂದೆ ತೀರಿದ ನಂತರ ಉಳಿದ ವಾರಸುದಾರರು ಒಪ್ಪದ ಹೊರತು ಅದು ನಿಲ್ಲುವುದಿಲ್ಲ.

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡೋಣ. ಒಬ್ಬನಿಗೆ 12 ಎಕರೆ, ಅಂದರೆ 480 ಗುಂಟೆ ಹೊಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ತಂದೆ ತಾಯಿ ಇಲ್ಲ. ಮೊದಲು ಕಫನ್ ದಫನ್ ಖರ್ಚು, ಆಮೇಲೆ ಸಾಲ. ಕೊಡದೆ ಉಳಿಸಿಕೊಂಡ ಮೆಹರ್ ಕೂಡ ಸಾಲವೇ. ಇವು ತೀರಿವೆ, ವಸೀಯತ್ ಇಲ್ಲ ಎಂದಿಟ್ಟುಕೊಳ್ಳಿ. ಹೆಂಡತಿಗೆ ಎಂಟನೆಯ ಒಂದು, 60 ಗುಂಟೆ. ಉಳಿದ 420 ಗುಂಟೆಯನ್ನು ಐದು ಭಾಗ ಮಾಡಿ. ಒಬ್ಬೊಬ್ಬ ಮಗನಿಗೆ 168 ಗುಂಟೆ, ಮಗಳಿಗೆ 84, ಅಂದರೆ 2 ಎಕರೆ 4 ಗುಂಟೆ. ಆ ಹೆಣ್ಣುಮಗಳ ಹೆಸರಿನ 2 ಎಕರೆ 4 ಗುಂಟೆ ಪಹಣಿಯಲ್ಲಿ ಕಾಣುವುದು ಎಷ್ಟು ಮನೆಗಳಲ್ಲಿ? ಮದುವೆಗೆ ಖರ್ಚು ಮಾಡಿದೆವಲ್ಲ, ಬಂಗಾರ ಹಾಕಿದೆವಲ್ಲ ಎನ್ನುತ್ತೇವೆ. ಭೂಮಿ ಒಬ್ಬರಿಗೆ, ನಗದು ಬೆಳ್ಳಿ ಜುಡಿತ್‌ಗೆ. ಆ ಇಂಗ್ಲಿಷ್ ಜಮೀನುದಾರನಾದರೂ ತನ್ನ ಕಾಯ್ದೆಯ ಪ್ರಕಾರ ಕಾಗದದಲ್ಲಿ ಬರೆದು ಮಾಡಿದ. ನಾವು ನಮ್ಮ ಕಾಯ್ದೆಗೆ ವಿರುದ್ಧವಾಗಿ, ಬರೆಯದೇ ಮಾಡುತ್ತೇವೆ.

ಹಾಗಾದರೆ ವಸೀಯತ್ ಯಾರಿಗಾಗಿ? ಮುಖ್ಯವಾಗಿ ಯತೀಮ್ ಮೊಮ್ಮಕ್ಕಳಿಗಾಗಿ. ಅಜ್ಜ ಇರುವಾಗಲೇ ಒಬ್ಬ ಮಗ ತೀರಿಕೊಂಡು, ಬೇರೆ ಗಂಡುಮಕ್ಕಳು ಬದುಕಿದ್ದರೆ, ತೀರಿದವನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಪಾಲು ಬರುವುದಿಲ್ಲ. ಈಜಿಪ್ಟ್ 1946ರಲ್ಲಿ ಇಂಥ ಮೊಮ್ಮಕ್ಕಳಿಗೆ ಕಡ್ಡಾಯ ವಸೀಯತ್ತಿನ ಕಾಯ್ದೆ ಮಾಡಿತು. ಪಾಕಿಸ್ತಾನ 1961ರಲ್ಲಿ ತಂದೆಯ ಪಾಲನ್ನೇ ಅವರಿಗೆ ಕೊಡಿಸಿತು. ನಮ್ಮ ದೇಶದಲ್ಲಿ ಅಂಥ ಕಾಯ್ದೆ ಇಲ್ಲ. ಅಜ್ಜ ತಾನಾಗಿ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊಮ್ಮಗ ಇಲ್ಲಿ ವಾರಸುದಾರನಲ್ಲದ ಕಾರಣ ಮೂರನೆಯ ಒಂದರವರೆಗೆ ಯಾರ ಒಪ್ಪಿಗೆಯೂ ಬೇಡ. ಮೇಲಿನ ಲೆಕ್ಕದಲ್ಲಿ ಪೂರ್ತಿ 4 ಎಕರೆಯನ್ನೂ ಅವನಿಗೆ ಬರೆಯಬಹುದು. ಆಗ ಉಳಿದ 320 ಗುಂಟೆಯಲ್ಲಿ ಹೆಂಡತಿಗೆ 40, ಒಬ್ಬೊಬ್ಬ ಮಗನಿಗೆ 112, ಮಗಳಿಗೆ 56. ಚಾಚಾಗಳಿಗೆ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆ ಹುಡುಗನ ಓದು ನಿಲ್ಲುವುದಿಲ್ಲ.

ಹೊಲಕ್ಕೆ ಶರೀಅತ್ ನಡೆಯುವುದಿಲ್ಲ, ಮನೆಗೆ ಮಾತ್ರ ಎನ್ನುವ ಹಿರಿಯರಿದ್ದಾರೆ. ಈ ಮಾತಿಗೂ ಒಂದು ಬುಡವಿದೆ. 1937ರ ಶರೀಅತ್ ಅನ್ವಯ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿತ್ತು. ಆದರೆ 1949ರಲ್ಲಿ ಮದ್ರಾಸ್ ಪ್ರಾಂತ್ಯ ತಿದ್ದುಪಡಿ ಮಾಡಿ ಆ ಮಾತನ್ನು ತೆಗೆದುಹಾಕಿತು. ಬಳ್ಳಾರಿ ಸೀಮೆ ಆಗ ಮದ್ರಾಸಿನಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ನಮ್ಮ ಸಂಡೂರು ಸಂಸ್ಥಾನ ಮದ್ರಾಸಿನಲ್ಲಿ ವಿಲೀನವಾದದ್ದೂ ಅದೇ 1949ರಲ್ಲಿ. ಆದ್ದರಿಂದ ಹೊಲದ ನೆಪ ಹೇಳಿ ಮಗಳನ್ನು ಬಿಡುವ ಮುನ್ನ ಒಬ್ಬ ವಕೀಲರಿಗೆ ಈ ತಿದ್ದುಪಡಿಯ ಬಗ್ಗೆ ಕೇಳಿ ನೋಡಿ.

ಹೆಸರು ತಪ್ಪಿಹೋಗುವುದು ಕೋರ್ಟಿನಲ್ಲಲ್ಲ, ವಂಶವೃಕ್ಷದಲ್ಲಿ. ತಂದೆ ತೀರಿದ ಮೇಲೆ ಪೌತಿ ಖಾತೆಗೆ ಅರ್ಜಿ ಕೊಡುವಾಗ ವಂಶವೃಕ್ಷ ಬೇಕು. (ಪೌತಿ ಎಂದರೆ ನಮ್ಮ ಉರ್ದುವಿನ ಫೌತ್, ವಾರಸುದಾರ, ಹಿಸ್ಸೆ, ತಹಶೀಲ್ದಾರ ಎಲ್ಲವೂ ನಮಗೆ ಮನೆಯ ಮಾತೇ.) ಮನೆಯವರು ಹೇಳಿದ ಹೆಸರುಗಳನ್ನೇ ಅಲ್ಲಿ ಬರೆಯುತ್ತಾರೆ. ಮದುವೆಯಾಗಿ ಹೊಸಪೇಟೆಗೋ ಕಂಪ್ಲಿಗೋ ಹೋದ ತಂಗಿಯ ಹೆಸರು ಅಲ್ಲಿ ಬಿಟ್ಟರೆ ಪಹಣಿಯಲ್ಲೂ ಬಿಟ್ಟಿತು. ವರ್ಷಗಳ ನಂತರ ಆಕೆ ಕೇಳಿದಾಗ ಅಣ್ಣ ತಂಗಿಯ ಮಾತೇ ನಿಂತುಹೋಗುತ್ತದೆ. ತನ್ನ ಪಾಲು ಬೇಡವೆನ್ನುವುದಾದರೆ ಅದು ಆಕೆಯ ಇಷ್ಟ. ಆದರೆ ಮೊದಲು ಹೆಸರು ಬರೆಸಿ, ಎಷ್ಟು ಗುಂಟೆ ಎಂದು ತಿಳಿಸಿ, ಆಮೇಲೆ ಹಕ್ಕು ಬಿಡುಗಡೆ ಪತ್ರದ ಮಾತು.

ವಸೀಯತ್ತನ್ನು ಮುಸ್ಲಿಮರು ಬಾಯಿಮಾತಿನಲ್ಲೂ ಮಾಡಬಹುದು, ಕಾಯ್ದೆ ಒಪ್ಪುತ್ತದೆ. ಆದರೂ ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಸಾಧ್ಯವಾದರೆ ಸಂಡೂರಿನ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಟ್ಟು ಮಾತು ಮುಗಿಸುತ್ತೇನೆ: ಈ ವಾರ ನಿಮ್ಮ ದಾದಾ ಅವರಿಂದ ಕೆಳಗೆ ವಂಶವೃಕ್ಷ ಬರೆಯಿರಿ, ಫುಪ್ಪುಗಳ ಹೆಸರೂ ಸೇರಿಸಿ. ಮನೆಯಲ್ಲಿರುವ ಪಹಣಿಯನ್ನು ಅದರ ಪಕ್ಕದಲ್ಲಿಟ್ಟು ಅಬ್ಬಾಜಾನ್‌ಗೆ ತೋರಿಸಿ.