ಬಾಲ್ಕನಿಯಿಂದ ಮೇಜಿನವರೆಗೆ



ಗಿರಣಿಯ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಹಾಕಿ ಬಂದಿದ್ದೀರಿ. ಅಮೆರಿಕದ ಪತ್ರಕರ್ತೆಯರ ಸಂಘದ ಕಥೆ ನಮಗೇಕೆ ಎಂದು ಕೇಳಬಹುದು. ಸಂಘ ಕಟ್ಟಿದವರೆಲ್ಲರಿಗೂ ಅದರಲ್ಲಿ ಪಾಠವಿದೆ.

ವಾಷಿಂಗ್ಟನ್ನಿನಲ್ಲಿ 1908ರಲ್ಲಿ ಹುಟ್ಟಿದ ನ್ಯಾಷನಲ್ ಪ್ರೆಸ್ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಸೇರಿಸುತ್ತಿರಲಿಲ್ಲ. ಮಂತ್ರಿಗಳು, ಪರದೇಶದ ನಾಯಕರು ಅಲ್ಲಿನ ಭೋಜನಕೂಟಗಳಲ್ಲಿ ಭಾಷಣ ಮಾಡುತ್ತಿದ್ದರು; ಮರುದಿನದ ದೊಡ್ಡ ಸುದ್ದಿ ಅಲ್ಲೇ ಹುಟ್ಟುತ್ತಿತ್ತು. ಬಾಗಿಲ ಹೊರಗೆ ನಿಂತ ಪತ್ರಕರ್ತೆಗೆ ಸುದ್ದಿ ಸಿಗುವುದೆಲ್ಲಿಂದ? ಮಾನದ ಜೊತೆಗೆ ಇದು ಅನ್ನದ ಪ್ರಶ್ನೆಯೂ ಆಗಿತ್ತು.

1919ರಲ್ಲಿ ಆರು ಮಂದಿ ಮಹಿಳೆಯರು ಕೂಡಿ ವಿಮೆನ್ಸ್ ನ್ಯಾಷನಲ್ ಪ್ರೆಸ್ ಕ್ಲಬ್ ಕಟ್ಟಿದರು. ಆ ದೇಶದ ಸಂವಿಧಾನ ಹೆಂಗಸರ ಮತದಾನದ ಹಕ್ಕನ್ನು ಒಪ್ಪಿದ್ದು ಅದರ ಮರುವರ್ಷ.

1955ರಲ್ಲಿ ಗಂಡಸರ ಕ್ಲಬ್ಬು ತುಸು ಕರುಣೆ ತೋರಿತು: ಭಾಷಣ ಕೇಳಲು ಪತ್ರಕರ್ತೆಯರು ಬಾಲ್ಕನಿಗೆ ಬರಬಹುದು! ನಮ್ಮ ಟಾಕೀಸುಗಳಲ್ಲಿ ಬಾಲ್ಕನಿಯೆಂದರೆ ಹೆಚ್ಚು ದುಡ್ಡಿನ ಜಾಗ. ಅಲ್ಲಿಯದು ಇಕ್ಕಟ್ಟು, ಸೆಕೆ. ಕೆಳಗೆ ಗಂಡಸರು ಉಂಡು ಪ್ರಶ್ನೆ ಕೇಳುವರು. ಮೇಲಿದ್ದವರಿಗೆ ಊಟವೂ ಇಲ್ಲ, ಪ್ರಶ್ನೆಯೂ ಇಲ್ಲ. 1959ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಬಂದಾಗ ಮಹಿಳಾ ಸಂಘದ ಒತ್ತಾಯದಿಂದ ಕೆಲವರಿಗೆ ಕೆಳಗೆ ಜಾಗ ಸಿಕ್ಕಿತು. ಅತಿಥಿ ಹೋದ ಮೇಲೆ ಮತ್ತೆ ಬಾಲ್ಕನಿಯೇ ಗತಿ.

ನಮ್ಮಂಥವರನ್ನು ಚುಚ್ಚಬೇಕಾದ ಸಂಗತಿ ಮುಂದಿದೆ. ಎ. ಫಿಲಿಪ್ ರಾಂಡಾಲ್ಫ್ ದೊಡ್ಡ ಕಾರ್ಮಿಕ ನಾಯಕರು. ರೈಲಿನ ಮಲಗುವ ಡಬ್ಬಿಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಸಂಘವನ್ನು 1925ರಿಂದ ಕಟ್ಟಿ ಬೆಳೆಸಿದವರು. 1963ರ ಆಗಸ್ಟ್ 28ರಂದು ಉದ್ಯೋಗಕ್ಕಾಗಿ, ಸ್ವಾತಂತ್ರ್ಯಕ್ಕಾಗಿ ವಾಷಿಂಗ್ಟನ್ನಿನಲ್ಲಿ ನಡೆದ ಮಹಾ ಮೆರವಣಿಗೆಗೆ ಅವರೇ ಮುಂದಾಳು. ಅದಕ್ಕೆ ಎರಡು ದಿನ ಮುಂಚೆ ಈ ಕ್ಲಬ್ಬಿನಲ್ಲಿ ಮಾತಾಡಲು ಒಪ್ಪಿದ್ದರು. ಪತ್ರಕರ್ತೆಯರು ಆಕ್ಷೇಪಿಸಿದರು. ಬಸ್ಸಿನ ಹಿಂದಿನ ಸೀಟಿಗೆ ಕಪ್ಪು ಜನರನ್ನು ತಳ್ಳುವುದೂ ಹೆಂಗಸರನ್ನು ಬಾಲ್ಕನಿಗೆ ಕಳಿಸುವುದೂ ಒಂದೇ ಅವಮಾನವೆಂದು ಕಪ್ಪು ಜನಾಂಗದ ವಕೀಲೆ ಪಾಲಿ ಮರ್ರೇ ಅವರಿಗೆ ಬರೆದರು. ರಾಂಡಾಲ್ಫರು ಅಲ್ಲಿಯೇ ಭಾಷಣ ಮಾಡಿದರು. ಪತ್ರಕರ್ತೆಯರು ಬಾಲ್ಕನಿಯಲ್ಲೇ ಉಳಿದರು. ಒಂದು ಅನ್ಯಾಯದ ಎದುರು ಜೀವ ಸವೆಸಿದವರೂ ಪಕ್ಕದ ಇನ್ನೊಂದನ್ನು ದಾಟಿ ಹೋಗಬಲ್ಲರು.

ಪತ್ರಕರ್ತೆಯರು ಬಿಡಲಿಲ್ಲ. 1971ರ ಜನವರಿಯಲ್ಲಿ ಆ ಕ್ಲಬ್ಬು 56ರ ವಿರುದ್ಧ 227 ಮತಗಳಿಂದ ಹೆಂಗಸರಿಗೆ ಸದಸ್ಯತ್ವ ಕೊಟ್ಟಿತು. ಮಹಿಳಾ ಸಂಘವೂ ಗಂಡಸರಿಗೆ ಬಾಗಿಲು ತೆರೆದು ವಾಷಿಂಗ್ಟನ್ ಪ್ರೆಸ್ ಕ್ಲಬ್ ಎಂದು ಹೆಸರಿಟ್ಟುಕೊಂಡಿತು. 1985ರಲ್ಲಿ ಎರಡೂ ಒಂದಾದವು.

ಈಗ ನಮ್ಮ ಮನೆಯ ಮಾತು. ನೂಲು ಸುತ್ತುವ ಹೆಂಗಸರು ಸಂಘಕ್ಕೆ ವಂತಿಗೆ ಕೊಡುತ್ತಾರೆ. ಸಂತೆಯಲ್ಲಿ ಕೂತು ಮಾರುವವರೂ ಕೊಡುತ್ತಾರೆ. ಕಾರ್ಯಕಾರಿ ಸಮಿತಿಯ ಮೇಜಿನ ಸುತ್ತ ಅವರು ಎಷ್ಟು ಮಂದಿ? ಮುಂದಿನ ಚುನಾವಣೆಗೆ ಮೊದಲು ಎಣಿಸಿ ನೋಡೋಣ. ನಮ್ಮಲ್ಲಿಯೂ ಬಾಲ್ಕನಿ ಇದ್ದರೆ, ಅದನ್ನು ಕೆಡಹುವ ಕೆಲಸ ನಮ್ಮದೇ.