ಹಾರ್ನ್ ಕೂಗುವ ಮುಂಚೆ ಒಂದು ‘ಟಕ್’

ಪುಣೆ–ಬೆಂಗಳೂರು ಹೆದ್ದಾರಿ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯನ್ನು ಹಾಯ್ದು ಹೋಗುತ್ತದೆ. ಹಿರಿಯರ ಬಾಯಲ್ಲಿ ಅದು ಇನ್ನೂ ‘ಎನ್‌ಎಚ್ ಫೋರ್’. ಈಗಿನ ಸಂಖ್ಯೆ 48. ಅಲ್ಲಿನ ಟೋಲ್ ನಾಕಾದ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಹಾರ್ನ್‌ಗಳ ಜಾತ್ರೆಯೇ ಕೇಳುತ್ತದೆ. ಕಬ್ಬಿನ ಹಂಗಾಮಿನಲ್ಲಂತೂ ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರ್‌ಗಳೂ ಈ ಮೇಳಕ್ಕೆ ಸೇರುತ್ತವೆ. ಎಲ್ಲವನ್ನೂ ಮೀರಿಸುವಂತೆ ‘ಭೋಂ’ ಎನ್ನುವುದು ಲಾರಿಯ ಏರ್ ಹಾರ್ನ್.

“ಕಾಕಾ, ಇಷ್ಟ ಸಣ್ಣ ಬಟನ್ ಒತ್ತಿದ್ರ ಅಷ್ಟ ದೊಡ್ಡ ಆವಾಜ್ ಹೆಂಗ ಬರತೈತಿ?” ಎಂದು ವೈರಿಂಗ್ ಅಂಗಡಿಯಲ್ಲಿ ಯಾವ ಹುಡುಗಿಯಾದರೂ ಕೇಳಿದರೆ, ಅದು ಒಳ್ಳೆಯ ಪ್ರಶ್ನೆ. ಉತ್ತರ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿಯಲ್ಲಿದೆ. ಅದರ ಹೆಸರು ರಿಲೇ.

ಮೊದಲು ಕೂಗಿನ ಕಥೆ ಮುಗಿಸೋಣ. ದೊಡ್ಡ ಲಾರಿಗಳ ಬ್ರೇಕ್ ಕೆಲಸ ಮಾಡುವುದು ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿಯಿಂದ. ಆ ಗಾಳಿಯಲ್ಲೇ ಸ್ವಲ್ಪ ಹಾರ್ನಿಗೂ ಸಿಗುತ್ತದೆ. ಕಾರು, ಜೀಪುಗಳಲ್ಲಿ ಅಂಥ ಟ್ಯಾಂಕ್ ಇಲ್ಲ; ಹಾಗಾಗಿ ಅಂಗಡಿಯಿಂದ ತಂದ ಏರ್ ಹಾರ್ನ್ ಜೊತೆಗೆ ಗಾಳಿ ಒತ್ತುವ ಪುಟ್ಟ ಮೋಟರ್ ಬರುತ್ತದೆ. ಗಾಳಿ ನುಗ್ಗಿ ಒಂದು ತೆಳುವಾದ ಬಿಲ್ಲೆಯನ್ನು ತಳ್ಳುತ್ತದೆ, ಸಂದಿಯಿಂದ ಪಾರಾಗುತ್ತದೆ, ಬಿಲ್ಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ನಡೆದಾಗ ಅದು ನಮಗೆ ಸ್ವರವಾಗಿ ಕೇಳುತ್ತದೆ. ಮುಂದಿನ ಕಹಳೆ ಉದ್ದವಿದ್ದರೆ ದಪ್ಪ ದನಿ, ಗಿಡ್ಡವಿದ್ದರೆ ಕೀರಲು ದನಿ.

ತೊಂದರೆ ಶುರುವಾಗುವುದು ಆ ಪುಟ್ಟ ಮೋಟರಿನಿಂದ. ಕಾರಿನ ಸಾಧಾರಣ ಹಾರ್ನಿಗೆ ಸುಮಾರು 4 ಆಂಪಿಯರ್ ವಿದ್ಯುತ್ ಸಾಕು. ಈ ಮೋಟರ್ 20 ಆಂಪಿಯರ್‌ವರೆಗೂ ಎಳೆಯಬಲ್ಲದು. 5 ಪಟ್ಟು ತಾನೇ ಎನ್ನಬೇಡಿ. ತಂತಿ ಬಿಸಿಯಾಗುವ ಲೆಕ್ಕವೇ ಬೇರೆ: ವಿದ್ಯುತ್ 5 ಪಟ್ಟಾದರೆ ಅದೇ ತಂತಿಯಲ್ಲಿ ಬಿಸಿ 5ರ 5 ಪಟ್ಟು, ಅಂದರೆ 25 ಪಟ್ಟು. ಸ್ಟೇರಿಂಗಿನ ಬಟನ್ನಿಗೆ ಬರುವ ಸಣ್ಣ ತಂತಿಯಲ್ಲಿ ಇಷ್ಟನ್ನೂ ಹರಿಸಿದರೆ ಮೇಲಿನ ಪ್ಲಾಸ್ಟಿಕ್ ಕರಗಿ ಸುಟ್ಟ ವಾಸನೆ ಬರುತ್ತದೆ. ಬಟನ್ನಿನ ಒಳಗೂ ಕಿಡಿ ಹಾರಿ ಅದು ಕಪ್ಪಾಗುತ್ತದೆ.

ಹಾಗಾದರೆ ದಪ್ಪ ತಂತಿಯನ್ನೇ ಬಟನ್ ತನಕ ಎಳೆಯಬೇಕೇ? ಬೇಡ. ನಮ್ಮ ಹಿಡಕಲ್ ಅಣೆಕಟ್ಟನ್ನು ನೆನಪಿಸಿಕೊಳ್ಳಿ. ಕಾಲುವೆಗೆ ನೀರು ಬಿಡುವವರು ನೀರನ್ನು ತಾವೇ ತಳ್ಳುವುದಿಲ್ಲ, ಗೇಟು ಎತ್ತುತ್ತಾರೆ ಅಷ್ಟೇ. ಹರಿಯುವ ಬಲ ಜಲಾಶಯದ ನೀರಿನದು. ರಿಲೇಯಲ್ಲಿ ಜಲಾಶಯ ಎಂದರೆ ಬ್ಯಾಟರಿ, ಗೇಟು ಎತ್ತುವ ಕೈ ಎಂದರೆ ನಿಮ್ಮ ಬಟನ್ನಿನಿಂದ ಬರುವ ಚೂರು ವಿದ್ಯುತ್.

ಆ ಚೂರು ವಿದ್ಯುತ್ ಗೇಟು ಎತ್ತುವುದು ಹೇಗೆ? ಒಂದು ಕಬ್ಬಿಣದ ಮೊಳೆಗೆ, ಹಳೆಯ ಫ್ಯಾನಿನಿಂದ ಬಿಚ್ಚಿದ ವಾರ್ನಿಷ್ ಹಚ್ಚಿದ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿ. ಎರಡೂ ತುದಿ ಕೆರೆದು ಒಂದು ಟಾರ್ಚ್ ಸೆಲ್ಲಿಗೆ ತಾಗಿಸಿ. ಮೊಳೆ ಗುಂಡುಸೂಜಿಗಳನ್ನು ಎಳೆದುಕೊಳ್ಳುತ್ತದೆ. ತಂತಿ ಬಿಟ್ಟರೆ ಉದುರಿಸುತ್ತದೆ. (ತಂತಿ ಬೇಗ ಬಿಸಿಯಾಗುತ್ತದೆ, ಎರಡು–ಮೂರು ಸೆಕೆಂಡು ಸಾಕು.) ರಿಲೇಯೊಳಗೂ ಇಂಥದೇ ಸುರುಳಿ ಇದೆ. ಅದು ಅಯಸ್ಕಾಂತವಾದ ಕೂಡಲೇ ಒಂದು ಪಟ್ಟಿಯನ್ನು ಎಳೆದು ‘ಟಕ್’ ಎಂದು ದಪ್ಪ ದಾರಿಯನ್ನು ಕೂಡಿಸುತ್ತದೆ. ಸುರುಳಿಗೆ ಬೇಕಾದದ್ದು ಸುಮಾರು 0.15 ಆಂಪಿಯರ್. ಅದು ಆಳುವುದು 20 ಆಂಪಿಯರನ್ನು!

ಡಬ್ಬಿಯ ಕಾಲುಗಳ ಮೇಲೆ ಅಂಕಿಗಳಿರುತ್ತವೆ. ಬ್ಯಾಟರಿಯಿಂದ ಫ್ಯೂಜ್ ದಾಟಿ ಬಂದ ದಪ್ಪ ತಂತಿ 30ಕ್ಕೆ, ಅಲ್ಲಿಂದ ಹಾರ್ನಿಗೆ ಹೋಗುವುದು 87ರಿಂದ. 85 ಮತ್ತು 86 ಸುರುಳಿಯ ಎರಡು ತುದಿಗಳು: ಒಂದಕ್ಕೆ ಬಟನ್ನಿನ ತಂತಿ, ಇನ್ನೊಂದಕ್ಕೆ ಅರ್ಥ್. ಫ್ಯೂಜ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ದಾರಿಯಲ್ಲಿ ಎಲ್ಲೋ ತಂತಿ ಸವೆದು ಗಾಡಿಯ ತಗಡಿಗೆ ತಾಗಿದರೆ ಬ್ಯಾಟರಿ ತನ್ನಲ್ಲಿದ್ದುದನ್ನೆಲ್ಲ ಒಮ್ಮೆಲೇ ಸುರಿಯುತ್ತದೆ, ತಂತಿ ಕೆಂಪಗೆ ಕಾಯುತ್ತದೆ. ಅಷ್ಟರೊಳಗೆ ಫ್ಯೂಜ್ ಹಾರಿಹೋಗಬೇಕು. ಅದಕ್ಕೇ ಗಾಡಿಯ ಬ್ಯಾಟರಿಯ ತಂಟೆ ನಿಮಗೆ ಬೇಡ. ಮೊಳೆ, ಟಾರ್ಚ್ ಸೆಲ್ ನಿಮ್ಮವು.

ರಿಲೇ ಹಾರ್ನಿಗಾಗಿ ಹುಟ್ಟಿದ ಉಪಾಯವಲ್ಲ. ಅಮೆರಿಕದ ಜೋಸೆಫ್ ಹೆನ್ರಿ ಎಂಬ ಮೇಷ್ಟ್ರು 1835ರ ಹೊತ್ತಿಗೆ ಪ್ರಿನ್ಸ್‌ಟನ್ನಿನಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಇದನ್ನು ತೋರಿಸುತ್ತಿದ್ದರು. ಭಾರೀ ತೂಕವನ್ನು ಹಿಡಿದು ನಿಂತ ಒಂದು ದೊಡ್ಡ ವಿದ್ಯುತ್ ಅಯಸ್ಕಾಂತ; ಉದ್ದನೆಯ ತಂತಿಯ ತುದಿಯಿಂದ ಬಂದ ಸಣ್ಣ ವಿದ್ಯುತ್ತು ಅದರ ದಾರಿಯನ್ನು ಕಡಿದಾಗ ತೂಕವೆಲ್ಲ ಧಡಾರನೆ ನೆಲಕ್ಕೆ. ಅಂಥ ಪಾಠಕ್ಕೆ ಯಾರು ಚಕ್ಕರ್ ಹಾಕುತ್ತಾರೆ! 1844ರಲ್ಲಿ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿ ಸಂದೇಶ ಕಳಿಸಿದಾಗಲೂ ರಿಲೇ ಜೊತೆಗಿತ್ತು. ದೂರ ಬಂದು ಸೊರಗಿದ ವಿದ್ಯುತ್ತು ಅಲ್ಲಿನ ಹೊಸ ಬ್ಯಾಟರಿಯ ದಾರಿಯನ್ನು ತೆರೆಯುತ್ತಿತ್ತು.

ಏರ್ ಹಾರ್ನ್ ಬಗ್ಗೆ ನನ್ನ ತಕರಾರನ್ನೂ ಹೇಳಿಬಿಡುತ್ತೇನೆ. ಬಗೆಬಗೆಯ ರಾಗ ಹಾಡುವ ಹಾರ್ನ್, ಕಿವಿಗೆ ಇರಿಯುವ ಕರ್ಕಶ ಹಾರ್ನ್ ಎರಡನ್ನೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸಾಧಾರಣ ವಾಹನಗಳಿಗೆ ನಿಷೇಧಿಸಿವೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆಗಳ ಸುತ್ತಲಿನ 100 ಮೀಟರ್‌ವರೆಗೆ ನಿಶ್ಶಬ್ದ ವಲಯ ಮಾಡಬಹುದು. ಅಲ್ಲಿ ಹಾರ್ನ್ ಬಾರಿಸುವಂತಿಲ್ಲ. ಎದುರಿಗೆ ಬರುವ ಸೈಕಲ್ ಸವಾರ ಬೆಚ್ಚಿ ಬೀಳುವ ಹಾಗೆ ಕೂಗುವುದು ಎಚ್ಚರಿಕೆಯಲ್ಲ, ದಬ್ಬಾಳಿಕೆ. ರಿಲೇ ಮಾತ್ರ ನಿರಪರಾಧಿ.

ಅದೇ ರಿಲೇಯ ದೊಡ್ಡಣ್ಣ ನಿಮ್ಮ ಹೊಲದಲ್ಲೇ ಇದ್ದಾನೆ, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗೆ. ಹಸಿರು ಬಟನ್ ಒತ್ತಿದಾಗ ‘ದಡ್’ ಎನ್ನುವವನು ಅವನೇ. ಅವನ ಜಾಣತನ ಒಂದು ಕೈ ಹೆಚ್ಚು: ಬೆರಳು ತೆಗೆದರೂ ಮೋಟರ್ ನಿಲ್ಲುವುದಿಲ್ಲ, ಯಾಕೆಂದರೆ ಪಟ್ಟಿ ಕೂಡಿದಾಗ ಸುರುಳಿಗೆ ತಾನೇ ಇನ್ನೊಂದು ದಾರಿಯಿಂದ ವಿದ್ಯುತ್ ಕೊಟ್ಟುಕೊಳ್ಳುತ್ತಾನೆ. ಕರೆಂಟ್ ಹೋದರೆ ಹಿಡಿತ ಬಿಡುತ್ತಾನೆ. ಮತ್ತೆ ಬಂದಾಗ ತಾನಾಗಿ ಹಿಡಿಯುವುದಿಲ್ಲ. ಅದಕ್ಕೇ ರಾತ್ರಿ ಹೊಲಕ್ಕೆ ಓಡಲಾರದ ರೈತರು ಪಕ್ಕದಲ್ಲಿ ‘ಆಟೋ’ ಪೆಟ್ಟಿಗೆ ಕೂಡಿಸಿರುತ್ತಾರೆ. ಈ ಜಾಣತನವನ್ನು ಯಾರೂ ಲಾರಿಯ ಹಾರ್ನಿಗೆ ಕೊಡದೆ ಇದ್ದದ್ದು ನಮ್ಮ ಪುಣ್ಯ. ಕೊಟ್ಟಿದ್ದರೆ ಹತ್ತರಗಿ ನಾಕಾದಲ್ಲಿ ಒಮ್ಮೆ ಒತ್ತಿದ್ದು ಕೊಲ್ಹಾಪುರ ಮುಟ್ಟುವ ತನಕ ಕೂಗುತ್ತಲೇ ಇರುತ್ತಿತ್ತು.